ಎಂಟನೆಯ ಕುಪ್ಪಿ

2011ರ ಅಕ್ಟೋಬರ್ 9, ಭಾನುವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಒರ್ನೆಲ್ಲಾಳ ಪಿಸ್ತೂಲಿನ ಸುತ್ತಿಗೆ ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಬಡಿಯಿತು. ಕೇಪು ಚಟ್ಟೆಂದಿತು, ಅಷ್ಟೇ. ಹೊಗೆ ಏಳಲಿಲ್ಲ, ಮಣಿಕಟ್ಟಿಗೆ ಒದೆತ ಬರಲಿಲ್ಲ. ಇಪ್ಪತ್ತೈದು ಮೀಟರ್ ಆಚೆಯ ಗುರಿಹಲಗೆಯ ಮೇಲೆ ಮೊದಲಿದ್ದ ಏಳು ತೂತುಗಳೇ ಇದ್ದವು.

ಅವಳು ಕೈ ಇಳಿಸಲಿಲ್ಲ. ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಮೂವತ್ತರವರೆಗೆ ಎಣಿಸಿದಳು. ಹೊಸ ಕೇಪು ಕೂರಿಸಿ ಮತ್ತೊಮ್ಮೆ ಹಾರಿಸಿದಳು. ಮತ್ತೆ ಅದೇ ಒಣ ಸದ್ದು. ಪಿಸ್ತೂಲನ್ನು ಮೇಜಿನ ಮೇಲೆ ಗುರಿಯ ಕಡೆ ಬಾಯಿ ಮಾಡಿ ಇಟ್ಟು, ಕಿವಿಯ ಮುಚ್ಚಳವನ್ನು ಕತ್ತಿಗೆ ಜಾರಿಸಿ, ಎಡಗೈ ಎತ್ತಿದಳು. ಮೇಲ್ವಿಚಾರಕ ಜಾಕೊಮೊ ಬಂದು ಬಗ್ಗಿ ನೋಡಿದ.

"ಒಣಗುಂಡು," ಎಂದ.

ಮದ್ದು ಹಾಕದೆ ಗುಂಡನ್ನಷ್ಟೇ ಜಡಿದವರಿಗೆ, ಬಾಯಿಯಿಂದ ಮದ್ದು ತುಂಬುವ ಹಳೆಯ ಪಿಸ್ತೂಲುಗಳ ಆ ಕ್ಲಬ್ಬಿನಲ್ಲಿ ಒಂದು ಶಾಸ್ತಿಯಿತ್ತು. ತೊಲೆಗೆ ಕಟ್ಟಿದ ಹಸುವಿನ ಗಂಟೆಯನ್ನು ಅವರೇ ಬಾರಿಸಬೇಕು, ಆಮೇಲೆ ಎಲ್ಲರಿಗೂ ಒಂದೊಂದು ಲೋಟ ಕಹಿ ಮದ್ಯ ಬೆರೆಸಿದ ವೈನು ಕುಡಿಸಬೇಕು. ಆರು ವರ್ಷಗಳಲ್ಲಿ ಒರ್ನೆಲ್ಲಾ ಒಮ್ಮೆಯೂ ಆ ಗಂಟೆ ಮುಟ್ಟಿದವಳಲ್ಲ. ಹಾಗಾಗಿ ಸಾಲಿನ ಉದ್ದಕ್ಕೂ ನಗು ಹಬ್ಬಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದಲ್ಲೇ ನಿಂತಿದ್ದ ಅವಳ ಮಾವ ಬತ್ತಿಸ್ತಾ ಬೆಲ್ಲೆರಿ.

"ಹಾಲಿನ ಲ್ಯಾಬಿನಲ್ಲಿ ಮಿಲಿಗ್ರಾಂ ಲೆಕ್ಕ ಹಾಕೋಳು ಮದ್ದನ್ನೇ ಮರೆತ್ಳಲ್ಲಪ್ಪ," ಎಂದ ಜಾಕೊಮೊನತ್ತ ತಿರುಗಿ. "ಹೋಗಮ್ಮ, ಗಂಟೆ ಬಾರಿಸು. ನಂಗೆ ದೊಡ್ಡ ಲೋಟ."

ಬತ್ತಿಸ್ತಾನಿಗೆ ಎಪ್ಪತ್ತೊಂದು. ಮೂವತ್ತೆಂಟು ವರ್ಷ ಕಣಿವೆಯ ಕಾರ್ಖಾನೆಯೊಂದರಲ್ಲಿ ಬಂದೂಕಿನ ನಳಿಗೆ ಕೊರೆದವನು. ಸೊಸೆ ಮದುವೆಯಾಗಿ ಬಂದಾಗ ಬಂದೂಕಿನ ಸದ್ದಿಗೆ ಬೆಚ್ಚುತ್ತಿದ್ದಳು. ಮಗ ಮೌರೋಗೆ ಈ ಆಟದಲ್ಲಿ ಆಸಕ್ತಿ ಹುಟ್ಟಲಿಲ್ಲವೆಂದು ಸೊಸೆಯ ಕೈಗೆ ತನ್ನ ಎರಡನೆಯ ಪಿಸ್ತೂಲು ಕೊಟ್ಟವನು ಅವನೇ. ಬೈದು ಬೈದೇ ಕಲಿಸಿದ್ದ. ಆ ದಿನ ಆರು ಜಾಗಕ್ಕೆ ಹನ್ನೊಂದು ಜನ ಬಂದಿದ್ದರಿಂದ, ಮನೆಯವರೇ ತಾನೇ ಎಂದು ಮಾವ–ಸೊಸೆಗೆ ಮದ್ದು ತುಂಬಲು ಒಂದೇ ಮೇಜು ಕೊಟ್ಟಿದ್ದರು. ಮೇಜಿನ ಮೇಲೆ ಎರಡು ಕುಳಿಗಳ ಒಂದು ಮರದ ಸ್ಟ್ಯಾಂಡು. ಪಿಸ್ತೂಲುಗಳನ್ನು ಬಾಯಿ ಮೇಲಾಗಿ ಅದರಲ್ಲೇ ನಿಲ್ಲಿಸಿ ತುಂಬಬೇಕು.

ಗಂಟೆಯ ಕಡೆ ಹೊರಡುವ ಮೊದಲು ಅವಳು ತನ್ನ ಕುಪ್ಪಿಗಳನ್ನು ನೋಡಿದಳು. ಹೆಬ್ಬೆರಳಿನಷ್ಟು ಗಾತ್ರದ ಹದಿಮೂರು ಪ್ಲಾಸ್ಟಿಕ್ ಕುಪ್ಪಿಗಳು, ಹದಿಮೂರು ಗುಂಡಿಗೆ. ಹಿಂದಿನ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ತಾನೇ ತೂಗಿ ತುಂಬಿದ್ದಳು: ತನ್ನವು ಒಂದು ಗ್ರಾಂ ನೂರು ಮಿಲಿಗ್ರಾಂ, ಮಾವನವು ಒಂದು ಗ್ರಾಂ ಮುನ್ನೂರು. ಬರಿದಾದ ಕುಪ್ಪಿಯನ್ನು ತಲೆಕೆಳಗಾಗಿ ಇಡುವುದು ರೂಢಿ. ಎಂಟು ತಲೆಕೆಳಗಾಗಿದ್ದವು. ಐದು ನೆಟ್ಟಗಿದ್ದವು. ಮತ್ತೆ ಎಣಿಸಿದಳು. ಎಂಟನೆಯದನ್ನು ಎತ್ತಿ ಬೆಳಕಿಗೆ ಹಿಡಿದಳು. ಬರಿದು, ಗೋಡೆಗೆ ಒಂದಿಷ್ಟು ಕಪ್ಪು ಧೂಳು ಅಂಟಿತ್ತು.

ಮರೆತಿರಲಿಲ್ಲ. ಸುರಿದಿದ್ದಳು.

ಮೇಜಿನ ಬಿಳಿ ಬಟ್ಟೆಯ ಮೇಲೆ ಬೆರಳಾಡಿಸಿದಳು. ಒಂದು ಗ್ರಾಂ ಕಪ್ಪು ಮದ್ದು ಚೆಲ್ಲಿದ್ದರೆ ಕಾಣದೆ ಇರುತ್ತಿರಲಿಲ್ಲ. ಬಟ್ಟೆ ಸ್ವಚ್ಛವಾಗಿತ್ತು. ಕಾಲ ಬಳಿಯ ಸಿಮೆಂಟು ನೆಲವೂ ಸ್ವಚ್ಛ. ಹಾಲಿನ ಡೈರಿಯಲ್ಲಿ ಹದಿನಾಲ್ಕು ವರ್ಷದಿಂದ ಅವಳು ಮಾಡುತ್ತಿದ್ದುದು ಇದೇ ಕೆಲಸ. ಹಾಲಿನಲ್ಲಿ ಕೊಬ್ಬು ಕಡಿಮೆ ಬಂದರೆ ಅದು ಮಾಯವಾಗಿರುವುದಿಲ್ಲ, ಕೆನೆಯಲ್ಲಿರುತ್ತದೆ, ಹುಡುಕಬೇಕು. ತನ್ನ ನಳಿಗೆಯಲ್ಲಿ ಇಲ್ಲ, ಬಟ್ಟೆಯ ಮೇಲಿಲ್ಲ, ನೆಲದ ಮೇಲಿಲ್ಲ.

ಹಿತ್ತಾಳೆಯ ಆಲಿಕೆ ಮೇಜಿನ ಮೇಲೆ ಅಡ್ಡ ಬಿದ್ದಿತ್ತು. ಉದ್ದ ಕೊಳವೆಯ ಆಲಿಕೆ, ಇಬ್ಬರಿಗೂ ಸೇರಿ ಒಂದೇ.

ಆಗ ನೆನಪಾಯಿತು. ಕುಪ್ಪಿಯ ಮುಚ್ಚಳ ತೆಗೆದ ಗಳಿಗೆಯಲ್ಲಿ ಮಾವ ಏನೋ ಅಂದಿದ್ದ. ಎಡಗೈಯಿಂದ ಕಿವಿಯ ಮುಚ್ಚಳ ಸರಿಸಿ ಅವನ ಮುಖ ನೋಡಿದ್ದಳು. ಮನೆಯಲ್ಲಿ ಬೆಳಗ್ಗೆ ಎಂಟರಿಂದ ಮೌರೋ ಕಂಬಿಗೆ ಮಾಂಸ ಚುಚ್ಚಿ ಕೆಂಡದ ಮುಂದೆ ತಿರುಗಿಸುತ್ತಿದ್ದ. ಮಾವನ ದೂರು ಅದರ ಬಗ್ಗೆಯೇ: ತುಂಡಿಗೊಂದು ಆಲೂಗಡ್ಡೆ ಸಿಕ್ಕಿಸಿದ್ದಾನೆ, ಇದೇನು ಭಾನುವಾರದ ಊಟವೋ ಆಸ್ಪತ್ರೆಯ ಊಟವೋ ಎಂದು. ಅವಳು ನಗುತ್ತಾ, ಅವನನ್ನೇ ನೋಡುತ್ತಾ, ಬಲಗೈಯಿಂದ ಕುಪ್ಪಿಯನ್ನು ಆಲಿಕೆಯೊಳಗೆ ಬಗ್ಗಿಸಿದ್ದಳು. ಆಲಿಕೆ ಎಲ್ಲಿತ್ತು? ಅದನ್ನು ತಾನು ತನ್ನ ನಳಿಗೆಗೆ ಇಳಿಸಿದ ನೆನಪು ಇಲ್ಲ. ಮಾವ ತನ್ನ ನಳಿಗೆಗೆ ಇಳಿಸಿ, ಕನ್ನಡಕ ಒರೆಸಲು ಕೈ ತೆಗೆದಿದ್ದ. ಒರೆಸಿ, ಹಾಕಿಕೊಂಡು, ತಿರುಗಿ ತನ್ನ ಕುಪ್ಪಿಯನ್ನೂ ಅದಕ್ಕೇ ಸುರಿದಿದ್ದ.

ಅವಳು ತಲೆ ಎತ್ತಿದಳು. ಬತ್ತಿಸ್ತಾ ನಗು ಮುಗಿಸಿ, ಗುಂಡು ಹಾರಿಸುವ ಗೆರೆಯ ಬಳಿ ಓರೆಯಾಗಿ ನಿಂತು, ಪಿಸ್ತೂಲಿನ ಕೈಯನ್ನು ನೀಳವಾಗಿ ಎತ್ತಿದ್ದ. ಸುತ್ತಿಗೆಯನ್ನು ಹಿಂದಕ್ಕೆ ಎಳೆದಿದ್ದ. ಬೆರಳು ಟ್ರಿಗರಿನ ಮೇಲಿತ್ತು.

ನೂರೈವತ್ತು ವರ್ಷದ ನಳಿಗೆ. ಎರಡು ಪಾಲು ಮದ್ದನ್ನು ತಡೆಯಬಹುದು, ತಡೆಯದೆಯೂ ಇರಬಹುದು. ಬುಡದ ಹತ್ತಿರ ಒಂದು ಕಡೆ ತುಕ್ಕು ತಿಂದು ತೆಳುವಾಗಿದೆ ಎಂದು ಅವನೇ ಒಮ್ಮೆ ಉಗುರಿನಿಂದ ತೋರಿಸಿದ್ದ. ಆ ಜಾಗ ಅವನ ಹೆಬ್ಬೆರಳಿನ ಬುಡಕ್ಕೆ, ಕಣ್ಣಿನಿಂದ ಒಂದು ತೋಳಿನ ದೂರಕ್ಕೆ ಇತ್ತು.

'ನಿಲ್ಲಿ' ಎಂದು ಕೂಗುವ ಹಕ್ಕು ಅಲ್ಲಿ ಎಲ್ಲರಿಗೂ ಇತ್ತು. ಕೂಗಲು ಬಾಯಿ ತೆರೆದಳು. ಆದರೆ ಆ ಟ್ರಿಗರು ಎಷ್ಟು ಹಗುರವೆಂದು ಅವಳಿಗೆ ಗೊತ್ತಿತ್ತು. ಬೆಚ್ಚಿದರೆ ಸಾಕು, ಬೆರಳು ಮಡಚಿಕೊಳ್ಳುತ್ತದೆ. ಮುಟ್ಟುವಂತೆಯೂ ಇರಲಿಲ್ಲ. ಊಟದ ಮೇಜಿನಲ್ಲಿ ಉಪ್ಪು ಕೇಳುವ ದನಿಯಲ್ಲಿ, ಅವಳು ಅಂದಳು:

"ಮಾವ, ನಿಮ್ಮ ಮೊಣಕೈ ಬಗ್ಗಿದೆ."

ನಲವತ್ತು ವರ್ಷದಲ್ಲಿ ಬತ್ತಿಸ್ತಾನ ಮೊಣಕೈ ಬಗ್ಗೆ ಯಾರೂ ಮಾತಾಡಿರಲಿಲ್ಲ. ಅವನು ಕಿವಿಗೆ ಹತ್ತಿಯನ್ನಷ್ಟೇ ತುರುಕುವವನು, ಮಾತು ಕೇಳಿಸಿತು. ಬೆರಳು ಟ್ರಿಗರಿನಿಂದ ಈಚೆಗೆ ಬಂತು. ಕೈ ಒಂದೊಂದೇ ಗೇಣು ಕೆಳಗಿಳಿಯಿತು. ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರುವಂತೆ ಮೇಜಿಗೆ ಒರಗಿಸಿ, ಸುತ್ತಿಗೆಯನ್ನು ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿದ. ಮುಖ ಕೆಂಪೇರಿತ್ತು.

"ಏನಂದೆ? ನಂಗೆ ಮೊಣಕೈ ಹೇಳಿಕೊಡ್ತೀಯಾ ನೀನು?"

"ಕೇಪು ತೆಗೀರಿ."

"ಒರ್ನೆಲ್ಲಾ—"

"ಮೊದ್ಲು ಕೇಪು ತೆಗೀರಿ ಮಾವ. ಬಯ್ಯೋದು ಆಮೇಲೆ ಬಯ್ರಿ."

ಅವಳ ಮುಖ ನೋಡಿ ಅವನು ಕೇಪು ತೆಗೆದ. ತಾಮ್ರದ ಆ ಪುಟ್ಟ ಬಟ್ಟಲು ಮೇಜಿನ ಮೇಲೆ ಉರುಳಿತು. ಆಗ ಅವಳು ಮೇಜಿನ ಅಂಚು ಹಿಡಿದು ನಿಂತಳು. ತನ್ನ ಕುಪ್ಪಿಯ ಮದ್ದೂ ಅವನ ನಳಿಗೆಯೊಳಗಿದೆ ಎಂದು ಎರಡೇ ಮಾತಿನಲ್ಲಿ ಹೇಳಿದಳು. ಜಾಕೊಮೊ ಸಾಲಿಗೆಲ್ಲ ಹಾರಿಸುವುದನ್ನು ನಿಲ್ಲಿಸಲು ಕೂಗು ಹಾಕಿದ. ಒಬ್ಬೊಬ್ಬರಾಗಿ ಪಿಸ್ತೂಲು ಕೆಳಗಿಟ್ಟರು. ಕೆಳಗೆ ಹರಿಯುವ ಮೆಲ್ಲಾ ನದಿಯ ಸದ್ದು ಕೇಳತೊಡಗಿತು.

ಬತ್ತಿಸ್ತಾ ನಂಬಲಿಲ್ಲ. ನಳಿಗೆಯೊಳಗೆ ಗುಂಡು ಜಡಿಯುವ ಕೋಲನ್ನು, ಗಜವನ್ನು, ಎತ್ತಿಕೊಂಡ. ಅದರ ಮೇಲೆ ಚಾಕುವಿನಿಂದ ಕೊರೆದ ಒಂದು ಗೆರೆ. ಮದ್ದೂ ಗುಂಡೂ ಸರಿಯಾಗಿ ಕೂತಿದ್ದರೆ ಆ ಗೆರೆ ನಳಿಗೆಯ ಬಾಯಿಗೆ ಸಮನಾಗಿ ನಿಲ್ಲಬೇಕು. ಗಜವನ್ನು ಒಳಗಿಳಿಸಿದ. ಗೆರೆ ಬಾಯಿಯಿಂದ ಮೇಲೆ ನಿಂತಿತು, ಕಿರುಬೆರಳಿನ ಅಗಲದಷ್ಟು. ಹೊರಗೆ ತೆಗೆದು, ತುದಿ ಒರೆಸಿ, ಮತ್ತೆ ಇಳಿಸಿದ. ಅಲ್ಲೇ ನಿಂತಿತು. ಮೂರನೆಯ ಸಲ ಒರೆಸಲು ಹೋದಾಗ ಜಾಕೊಮೊ ಅವನ ಕೈಯಿಂದ ಗಜ ತೆಗೆದುಕೊಂಡ.

"ಸಾಕು ಬಿಡೋ ಬತ್ತಿಸ್ತಾ."

"ನಾನು ನೋಡ್ಲಿಲ್ಲ," ಎಂದ ಬತ್ತಿಸ್ತಾ. ಯಾರನ್ನೂ ಉದ್ದೇಶಿಸಿ ಅಂದದ್ದಲ್ಲ. ಅಲ್ಲಿದ್ದ ಹನ್ನೊಂದು ಜನರಲ್ಲಿ ಏಳು ಮಂದಿಗೆ ಮದ್ದು ತುಂಬುವುದನ್ನು ಕಲಿಸಿದವನು ಅವನು. ತುಂಬುವವನನ್ನು ಮಾತಾಡಿಸಬೇಡ, ಪ್ರತಿ ಗುಂಡಿಗೂ ಗೆರೆ ನೋಡು ಎಂದು ಕಲಿಸಿದವನು. "ಇಷ್ಟು ಎದ್ದು ನಿಂತಿದೆ. ಕುರುಡನಿಗೂ ಕೈಗೆ ಸಿಗುತ್ತೆ. ನಾನು ಆಲೂಗಡ್ಡೆ ವಿಷ್ಯ ಮಾತಾಡ್ತಾ ಇದ್ದೆ."

ಒರ್ನೆಲ್ಲಾ ತನ್ನ ಗಜವನ್ನು ನೋಡಿದಳು. ಜಡಿದಾಗ ಅದರ ಗೆರೆಯೂ ಮದ್ದಿಲ್ಲದ ನಳಿಗೆಯೊಳಗೆ ಮುಳುಗಿರಲೇಬೇಕು. ಅದು ಅವಳಿಗೂ ಕಂಡಿರಲಿಲ್ಲ.

ಜಾಕೊಮೊ ವರದಿ ಬರೆಯಲು ಕೂತ. ಅಪಾಯವಾಗುವಂತೆ ತುಂಬಿದವರ ಹೆಸರು ಎಂಬ ಸಾಲಿನಲ್ಲಿ ಪೆನ್ನು ನಿಂತಿತು. ಆ ಸಾಲಿನಲ್ಲಿ ಹೆಸರು ಬಂದವರು ವರ್ಷವಿಡೀ ಗುಂಡು ಹಾರಿಸುವ ಗೆರೆಗೆ ಬರುವಂತಿಲ್ಲ. ಯಾರದೆಂದು ಬರೆಯಲಿ ಎಂದು ಅವನು ಕೇಳಿದಾಗ ಅವಳು ತನ್ನ ಹೆಸರು ಹೇಳಿದಳು. ತಪ್ಪು ನಳಿಗೆಗೆ ಸುರಿದದ್ದು ತನ್ನ ಕೈ.

"ಸುರಿದಿದ್ದು ಅವಳು. ಅದರ ಮೇಲೆ ಕೂರಿಸಿ ಜಡಿದಿದ್ದು ನಾನು," ಎಂದ ಬತ್ತಿಸ್ತಾ. "ನನ್ನ ಹೆಸರು ಬರಿ."

ಮಾತಾಡುವಾಗ ಅವನು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಮತ್ತೆ ಹೆಬ್ಬೆರಳಿನಿಂದ. ಒರ್ನೆಲ್ಲಾ ಅದನ್ನು ನೋಡಲಾರದೆ ಕಣ್ಣು ತಿರುಗಿಸಿದಳು.

ಜಾಕೊಮೊ ಎರಡೂ ಹೆಸರು ಬರೆದ. ಹಾಳೆಯ ಹಿಂಬದಿಯಲ್ಲಿ ಮೇಜಿನ ನಕ್ಷೆ ಬರೆದು ಅಳತೆ ಹಾಕಬೇಕಿತ್ತು. ಜೇಬಿನಿಂದ ಟೇಪು ತೆಗೆದು, ಒಂದು ತುದಿಯನ್ನು ಹಿಡಿದುಕೋ ಎಂದು ಒರ್ನೆಲ್ಲಾಳಿಗೆ ಕೊಟ್ಟ. ಅವಳು ಅದನ್ನು ತನ್ನ ಪಿಸ್ತೂಲು ನಿಂತಿದ್ದ ಕುಳಿಯ ನಡುವಿಗೆ ಒತ್ತಿ ಹಿಡಿದಳು. ಮಾವ ಇನ್ನೊಂದು ತುದಿಯನ್ನು ತನ್ನ ಕುಳಿಯ ಮೇಲೆ ಎಳೆದ. ಜಾಕೊಮೊ ಓದಿ ಬರೆದುಕೊಂಡ: ಕುಳಿಯಿಂದ ಕುಳಿಗೆ ಒಂಬತ್ತು ಸೆಂಟಿಮೀಟರ್, ನಾಲ್ಕು ಮಿಲಿಮೀಟರ್.