ಸಿಪ್ಪೆಗೆ ಕಬ್ಬಿಣ ಮುಟ್ಟಿಸಬೇಡಿ

ಬಣ್ಣದ ಮನೆಯ ಸೊಸೆಗೆ ಒದ್ದೆ ಬಟ್ಟೆ ಎತ್ತಲು ಆಗುತ್ತಿರಲಿಲ್ಲ.

ಮೊದಲು ಹಾಗಿರಲಿಲ್ಲ. ಬಣ್ಣದ ಹಂಡೆಯಿಂದ ತೆಗೆದ ಬಟ್ಟೆಯನ್ನು ಹಿಂಡಿ, ಹೆಗಲ ಮೇಲೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಮಹಡಿಯ ತಂತಿಯ ಮೇಲೆ ಹರವುವುದು ಅವಳ ಕೆಲಸ. ಈಗ ಅರ್ಧ ಮೆಟ್ಟಿಲಿಗೇ ಎದೆ ಹೊಡೆದುಕೊಳ್ಳುತ್ತಿತ್ತು. ಗೋಡೆಗೆ ಕೈ ಊರಿ ನಿಲ್ಲುತ್ತಿದ್ದಳು. ಬಟ್ಟೆಯ ನೀರು ಅವಳ ಬೆನ್ನಿನಿಂದ ಇಳಿದು ಮೆಟ್ಟಿಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಅವಳ ಗರ್ಭಕೋಶದಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್ ಅಲ್ಲ, ಹೆದರಬೇಡಿ, ಆದರೆ ತೆಗೆಯಲೇಬೇಕು ಎಂದಿದ್ದರು ಡಾಕ್ಟರು. ತಿಂಗಳು ತಿಂಗಳೂ ವಿಪರೀತ ರಕ್ತ ಹೋಗುವುದಕ್ಕೆ ಅದೇ ಕಾರಣ. ಮೈಯಲ್ಲಿ ಇಷ್ಟು ಕಡಿಮೆ ರಕ್ತ ಇರುವಾಗ ಆಪರೇಷನ್ ಮಾಡುವಂತಿಲ್ಲ. ಮೊದಲು ರಕ್ತ ಏರಬೇಕು. ಅದಕ್ಕೆ ಕಬ್ಬಿಣದ ಮಾತ್ರೆ ಕೊಟ್ಟಿದ್ದರು.

ಅವಳು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ರಕ್ತ ಏರಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ಮತ್ತೆ ಪರೀಕ್ಷೆ ಮಾಡಿದರು. ಮತ್ತೆ ಮುಂದಕ್ಕೆ ಹೋಯಿತು.

ಆ ಮನೆಯ ಯಜಮಾನಿ ಅತ್ತೆ. ಬೀದಿಯವರೆಲ್ಲ ಅವರನ್ನು ಕರೆಯುವುದು ಹಂಡೆ ಅಮ್ಮ ಎಂದೇ. ಹಿತ್ತಿಲಿನಲ್ಲಿ ಸಾಲಾಗಿ ಕುದಿಯುವ ಹಂಡೆಗಳಿಗೆ ಅವರೇ ಒಡತಿ. ಯಾವ ಬೇರಿನಿಂದ ಕೆಂಪು, ಯಾವ ಎಲೆಯಿಂದ ನೀಲಿ, ಯಾವ ಸಿಪ್ಪೆಯಿಂದ ಹಳದಿ, ಎಲ್ಲ ಅವರ ಬೆರಳ ತುದಿಯಲ್ಲಿ. ಆ ಬೆರಳುಗಳೋ, ಸಂಜೆಯ ಹೊತ್ತಿಗೆ ಇದ್ದಿಲಿನಷ್ಟು ಕಪ್ಪು.

ಬಣ್ಣದ ಮನೆಯಲ್ಲಿ ಅವರದೊಂದು ಕಟ್ಟಾಜ್ಞೆ ಇತ್ತು. ದಾಳಿಂಬೆ ಸಿಪ್ಪೆ ಕುದಿಯುವ ಹಂಡೆಗೆ ಮರದ ಕೋಲು ಮಾತ್ರ. ಕಬ್ಬಿಣದ ಸೌಟು ಅಪ್ಪಿತಪ್ಪಿಯೂ ಹತ್ತಿರ ಬರಬಾರದು. ಬಂದರೆ ಚಿನ್ನದಂಥ ಹಳದಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಒಂದು ದಿನದ ದುಡಿಮೆ ಮಣ್ಣುಪಾಲು. ಕಪ್ಪು ಬಟ್ಟೆ ಬೇಕಾದಾಗ ಮಾತ್ರ ಅವರು ತಾವಾಗಿಯೇ, ತುಕ್ಕು ಹಿಡಿದ ಮೊಳೆಗಳನ್ನು ನೆನೆಹಾಕಿದ ನೀರನ್ನು ಆ ಸಿಪ್ಪೆರಸಕ್ಕೆ ಬೆರೆಸುತ್ತಿದ್ದರು. ನೋಡನೋಡುತ್ತಲೇ ರಸ ಕಪ್ಪಾಗುತ್ತಿತ್ತು.

"ಸಿಪ್ಪೆಗೆ ಕಬ್ಬಿಣ ಮುಟ್ಟಿಸಬೇಡಿ!" ಅವರು ಹಿತ್ತಿಲಿನಲ್ಲಿ ಕೂಗಿದರೆ ಬೀದಿಯ ಕೊನೆಯ ಮನೆಯವರೂ ಕೈಯಲ್ಲಿದ್ದ ಸೌಟು ಕೆಳಗಿಡುತ್ತಾರೆ ಎಂಬ ತಮಾಷೆ ಇತ್ತು.

ಒಂದು ದಿನ ಬೆಳಿಗ್ಗೆ ನರ್ಸಮ್ಮ ಬಂದಾಗ ಮನೆಯಲ್ಲಿ ಜಗಳ ನಡೆಯುತ್ತಿತ್ತು. ನರ್ಸಮ್ಮ ಎಂದರೆ ಪಕ್ಕದ ಬೀದಿಯ ಆರೋಗ್ಯ ಕೇಂದ್ರದವರು, ಈ ಮನೆಗೆ ಹಳೆಯ ಪರಿಚಯ.

"ಬನ್ನಿ ನರ್ಸಮ್ಮ, ನೀವೇ ಹೇಳಿ," ಎಂದರು ಅತ್ತೆ. "ಇವಳು ಮಾತ್ರೆ ನುಂಗಿದ್ದೇ ನುಂಗಿದ್ದು. ಏನು ಬಂತು? ನಿಮ್ಮ ಮಾತ್ರೆ ಅಂದ್ರೆ ಕೆಂಪು ಬಣ್ಣ ಬಳಿದ ಸುಣ್ಣದುಂಡೆ. ಇವತ್ತಿಂದ ಬಿಡಿಸಿಬಿಡ್ತೀನಿ. ನನ್ನ ಕಷಾಯಾನೇ ಎರಡು ಹೊತ್ತು ಕೊಡ್ತೀನಿ."

"ಯಾವ ಕಷಾಯ ದೊಡ್ಡಮ್ಮ?"

"ದಾಳಿಂಬೆ ಸಿಪ್ಪೇದು. ಇನ್ಯಾವುದು?"

ಅವರ ಮಗ, ಸೊಸೆಯ ಗಂಡ, ಬಾಗಿಲಿಗೆ ಒರಗಿ ನಿಂತಿದ್ದ. "ಕಷಾಯ ಚೆಲ್ಲಮ್ಮ ಅಂತ ನಾನು ಬಡ್ಕೊಳ್ತಾ ಇದ್ದೀನಿ. ಎಲ್ಲಾ ಮೂಢನಂಬಿಕೆ."

"ಆ ಕಷಾಯ ಕುಡಿದೇ ಕಣೋ ನೀನು ಬೆಳೆದಿದ್ದು!"

"ಬೆಳೆದಿದ್ದು ಇಷ್ಟೇ ಉದ್ದ."

"ಅದು ಕಷಾಯದ ತಪ್ಪಲ್ಲ. ನಿಮ್ಮಪ್ಪನ ಕಡೆಯವರೆಲ್ಲ ಅಷ್ಟೇ ಉದ್ದ."

ಸೊಸೆ ನಕ್ಕಳು. ನಕ್ಕಿದ್ದಕ್ಕೇ ದಣಿವಾಗಿ ಕುರ್ಚಿಯಲ್ಲಿ ಕುಳಿತಳು.

ನರ್ಸಮ್ಮ ಅವಳ ಮುಂದೆ ಬಗ್ಗಿ, ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ನೋಡಿದರು. ಅತ್ತೆಯೂ ಬಗ್ಗಿದರು. ಬಣ್ಣ ನೋಡುವುದರಲ್ಲಿ ಆ ಕಣ್ಣು ಎಂದೂ ತಪ್ಪಿದ್ದಿಲ್ಲ.

"ಇನ್ನೂ ಅದ್ದದೇ ಇರೋ ಬಟ್ಟೆ ಇದ್ದ ಹಾಗಿದೆ," ಎಂದರು ಅತ್ತೆ. ಅವರ ದನಿ ತಗ್ಗಿತ್ತು.

"ಈ ಸಲಾನೂ ಏರದಿದ್ರೆ?" ಮಗ ಕೇಳಿದ.

"ರಕ್ತ ಹಾಕಬೇಕಾಗಬಹುದು. ಅಷ್ಟರಲ್ಲಿ ಗಡ್ಡೆ ಬೆಳೀತಾ ಹೋಗುತ್ತೆ, ರಕ್ತಾನೂ ಹೋಗ್ತಾ ಇರುತ್ತೆ. ಇನ್ನು ಕಾಯೋ ಹಾಗಿಲ್ಲ." ನರ್ಸಮ್ಮ ಸೊಸೆಯ ಕಡೆ ತಿರುಗಿದರು. "ತಂಗಿ, ಬೇರೆ ಏನಾದ್ರೂ ತಗೋತೀಯಾ ಅಂತ ಡಾಕ್ಟರು ಕೇಳಿದ್ರಲ್ಲ, ಕಷಾಯದ ವಿಷಯ ಹೇಳಿದ್ಯಾ?"

"ಇಲ್ಲ ಅಕ್ಕ. ಅದು ಔಷಧಿ ಅಲ್ವಲ್ಲ. ಮನೇದು."

"ಸರಿ. ಮಾತ್ರೆ ದಿನಾ ಹೇಗೆ ತಗೋತೀಯೋ ಹಾಗೇ ತೋರಿಸು ನೋಡೋಣ."

ಸೊಸೆ ಒಳಗೆ ಹೋಗಿ ಬಂದಳು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಬಿಸಿ ಕಷಾಯ. ದಿನವೂ ಸ್ಟೀಲ್ ಲೋಟ. ಹೊರಗಿನವರು ಬಂದಿದ್ದಾರೆಂದು ಇವತ್ತು ಗಾಜಿನ ಲೋಟದಲ್ಲಿ ತಂದಿದ್ದಳು. ಕಿಟಕಿಯ ಬಿಸಿಲಿಗೆ ಕಷಾಯ ಜೇನಿನ ಹಾಗೆ ಹೊಳೆಯುತ್ತಿತ್ತು.

"ನೀರಲ್ಲಿ ನುಂಗಿದ್ರೆ ಇವಳಿಗೆ ವಾಕರಿಕೆ," ಎಂದರು ಅತ್ತೆ. "ಅದಕ್ಕೇ ಕಷಾಯದ ಜೊತೆ ನುಂಗಿಸ್ತೀನಿ. ಎರಡೂ ಒಳ್ಳೇದಲ್ವಾ, ಒಂದೇ ಗುಟುಕಿಗೆ ಹೋಗ್ಲಿ ಅಂತ. ನೋಡಿ, ಈ ಕೈ ನೋಡಿ, ಹೇಗೆ ಸೊರಗಿದೆ!"

ಅವರು ಸೊಸೆಯ ಮಣಿಕಟ್ಟು ಹಿಡಿದು ಎತ್ತಿದರು. ಮಾತ್ರೆ ಜಾರಿ ಲೋಟದೊಳಕ್ಕೆ ಬಿತ್ತು.

"ಬಿಡಿ, ಬೇರೆ ತರ್ತೀನಿ," ಎಂದಳು ಸೊಸೆ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಜಗಳ ಮತ್ತೆ ಮುಂದುವರಿಯಿತು. ಮಾತ್ರೆ ಬೇಡ ಎಂದರು ಅತ್ತೆ. ಕಷಾಯ ಬೇಡ ಎಂದ ಮಗ. ಹಿಂದೊಮ್ಮೆ ಅತ್ತೆಯ ಹೊಟ್ಟೆ ಕೆಟ್ಟಾಗ ಮೂರು ಡಾಕ್ಟರನ್ನು ಕಂಡ ಕಥೆ ಬಂತು, ಕೊನೆಗೆ ನಿಲ್ಲಿಸಿದ್ದು ಈ ಕಷಾಯವೇ ಎಂಬ ಮಾತು ಬಂತು. ನರ್ಸಮ್ಮ ಇಬ್ಬರಿಗೂ ಉತ್ತರ ಕೊಡಲು ಬಾಯಿ ತೆರೆದರು.

ಆಗ ಅತ್ತೆ ಮಾತು ನಿಲ್ಲಿಸಿದರು. ವಾಕ್ಯದ ನಡುವೆಯೇ ನಿಲ್ಲಿಸಿದರು.

ಅವರು ಲೋಟವನ್ನು ನೋಡುತ್ತಿದ್ದರು.

ಮಾತ್ರೆಯ ಕೆಂಪು ಹೊದಿಕೆ ಕರಗಿತ್ತು. ಲೋಟದ ತಳದಿಂದ ಕಪ್ಪು ಎಳೆಯೊಂದು ಹೊಗೆಯ ಹಾಗೆ ಮೇಲೇಳುತ್ತಿತ್ತು. ಅದರ ಹಿಂದೆ ಇನ್ನೊಂದು. ಎಳೆಗಳು ನಿಧಾನವಾಗಿ ಸುತ್ತಿ, ಹರಡಿ, ಒಂದಾದವು. ಜೇನಿನ ಬಣ್ಣ ಅಂಚಿಗೆ ಸರಿಯಿತು. ಆಮೇಲೆ ಅಂಚೂ ಉಳಿಯಲಿಲ್ಲ.

ಹಿತ್ತಿಲಿನಲ್ಲಿ ಹಂಡೆ ಕುದಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತೆ ಲೋಟವನ್ನು ಎರಡೂ ಕೈಯಿಂದ ಎತ್ತಿ ಬೆಳಕಿಗೆ ಹಿಡಿದರು. "ಇದು ನಮ್ಮ ಕಪ್ಪು," ಎಂದರು.

"ಹೌದು ದೊಡ್ಡಮ್ಮ. ನಿಮ್ಮದೇ."

"ಮಾತ್ರೇಲಿ ಇರೋದು ನಿಜವಾದ ಕಬ್ಬಿಣವಾ?"

"ನಿಜವಾದದ್ದೇ. ನಿಮ್ಮ ಮೊಳೆ ನೀರಿನಲ್ಲಿ ಇರುತ್ತಲ್ಲ, ಅದೇ ಕಬ್ಬಿಣ. ಇದು ಮೈಗೆ ಒಗ್ಗೋ ಹಾಗೆ ಅಳೆದು ಮಾಡಿದ್ದು, ಅಷ್ಟೇ."

"ಒಳಗೂ ಹೀಗೇ ಆಗುತ್ತಾ?"

"ಹೊಟ್ಟೆ ಅಂದ್ರೆ ಲೋಟ ಅಲ್ಲ, ಪೂರ್ತಿ ಹೀಗೇ ಅಂತ ಹೇಳೋಕಾಗಲ್ಲ. ಆದ್ರೆ ಕೆಲಸ ಇದೇ. ಸಿಪ್ಪೇಲಿ ಒಗರು ಇದೆಯಲ್ಲ, ಅದು ಕಬ್ಬಿಣ ಕಂಡ್ರೆ ಗಟ್ಟಿಯಾಗಿ ಹಿಡ್ಕೊಂಡುಬಿಡುತ್ತೆ. ಆಮೇಲೆ ಕರುಳಿಗೆ ಅದನ್ನ ಬಿಡಿಸ್ಕೊಳ್ಳೋಕೆ ಆಗಲ್ಲ. ಹೆಚ್ಚಿನದೆಲ್ಲ ಬಂದ ದಾರೀಲೇ ಹೊರಗೆ ಹೋಗುತ್ತೆ."

ಅತ್ತೆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಲೋಟ ಕೆಳಗಿಡಲಿಲ್ಲ.

"ಹಿತ್ತಿಲಲ್ಲಿ ಸೌಟು ಮುಟ್ಟಿಸಿದವರನ್ನ ಬೈದಿದ್ದೀನಿ," ಎಂದರು ಕೊನೆಗೆ. "ದಿನಾ ಬೆಳಿಗ್ಗೆ ನಾನೇ ಇವಳ ಹೊಟ್ಟೇಲಿ ಕಪ್ಪು ಹಂಡೆ ಇಡ್ತಾ ಇದ್ದೆ."

"ಅತ್ತೆ, ಹಾಗನ್ನಬೇಡಿ," ಎಂದಳು ಸೊಸೆ.

"ನೋಡಿದ್ಯಾ? ಚೆಲ್ಲು ಅಂದೆ ನಾನು!" ಎಂದ ಮಗ.

"ನೀನು ಸ್ವಲ್ಪ ಸುಮ್ಮನಿರಪ್ಪ," ಎಂದರು ನರ್ಸಮ್ಮ. "ಮೂಢನಂಬಿಕೆ ಅಂದ್ಯಲ್ಲ. ಅದರಲ್ಲಿ ಶಕ್ತಿ ಇಲ್ಲದೇ ಇದ್ದಿದ್ರೆ ಈ ಲೋಟ ಕಪ್ಪಾಗ್ತಿರಲಿಲ್ಲ. ಆ ಒಗರು ನಿಮ್ಮಮ್ಮನ ಭೇದಿ ನಿಲ್ಲಿಸಿರಬಹುದು, ಸುಳ್ಳಲ್ಲ. ಶುಂಠಿ ವಾಕರಿಕೆ ಕಡಿಮೆ ಮಾಡುತ್ತೆ. ಇಸಬ್‌ಗೋಲ್ ಮಲಬದ್ಧತೆಗೆ ಆಗುತ್ತೆ, ಆದ್ರೆ ಧಾರಾಳವಾಗಿ ನೀರು ಕುಡೀಬೇಕು. ಇವನ್ನೆಲ್ಲ ಡಾಕ್ಟರೇ ಒಪ್ತಾರೆ. ಒಂದು ಸೊಪ್ಪು, ಒಂದು ಬೇರು, ನಮ್ಮ ಮೈಯೊಳಗೆ ಹೋಗಿ ಕೆಲಸ ಮಾಡುತ್ತೆ ಅಂದ್ರೆ ಅದೇನು ಸಣ್ಣ ವಿಷಯಾನಾ? ಕೆಲಸ ಮಾಡುತ್ತೆ, ಅದಕ್ಕೇ ಕೇಳಿ ತಗೋಬೇಕು. ಪಕ್ಕದಲ್ಲಿ ಇನ್ನೇನು ಇದೆ ಅಂತ ನೋಡಿ ತಗೋಬೇಕು."

"ಹಂಡೇಲೂ ಹಾಗೇ," ಎಂದರು ಅತ್ತೆ. "ಒಂದೊಂದೂ ಒಳ್ಳೇದೇ. ಯಾವುದರ ಜೊತೆ ಯಾವುದು ಅನ್ನೋದರಲ್ಲೇ ಎಲ್ಲಾ ಇರೋದು."

ಅವರು ಲೋಟವನ್ನು ಕಟ್ಟೆಯ ಮೇಲಿಟ್ಟು ಥಟ್ಟನೆ ಬಚ್ಚಲಿಗೆ ಹೋದರು. ಬಂದಾಗ ಕೈಯಲ್ಲಿ ಅರ್ಧ ನಿಂಬೆಹಣ್ಣು. ದಿನವೂ ಸಂಜೆ ಬೆರಳುಗಳ ಕಪ್ಪನ್ನು ಅವರು ತಿಕ್ಕಿ ತೆಗೆಯುತ್ತಿದ್ದದ್ದು ನಿಂಬೆಯಿಂದ. ಈಗ ಅದನ್ನು ಲೋಟದ ಮೇಲೆ ಹಿಂಡಿದರು. ಇನ್ನೊಂದು ಹೋಳನ್ನೂ ತಂದು ಹಿಂಡಿದರು. ಚಮಚದಿಂದ ಕಲಕಿದರು.

ಕಪ್ಪು ತೆಳುವಾಯಿತು. ಬೂದಿಯಾಯಿತು. ನೋಡುತ್ತಿದ್ದಂತೆಯೇ ಆ ಬೂದಿಯ ಹಿಂದಿನಿಂದ ಮಬ್ಬು ಹಳದಿ ಮೇಲೆ ಬಂತು, ಮೋಡದ ಹಿಂದಿನ ಬೆಳಕಿನ ಹಾಗೆ.

ನರ್ಸಮ್ಮ ಕುರ್ಚಿಯ ಅಂಚಿಗೆ ಸರಿದು ಕುಳಿತರು. "ಇದನ್ನ ನಾನೂ ನೋಡಿರಲಿಲ್ಲ," ಎಂದರು. "ಮಾತ್ರೆ ಜೊತೆ ನಿಂಬೆರಸ ಕುಡಿದ್ರೆ ಕಬ್ಬಿಣ ಚೆನ್ನಾಗಿ ಮೈಗೆ ಸೇರುತ್ತೆ ಅಂತ ಎಲ್ಲರಿಗೂ ಹೇಳ್ತೀನಿ. ಕಣ್ಣಾರೆ ನೋಡಿದ್ದು ಇವತ್ತು."

"ಹಾಗಾದ್ರೆ ಇದನ್ನೇ ಕುಡಿಸಿಬಿಡ್ಲಾ?" ಅತ್ತೆ ಲೋಟ ಎತ್ತಿದರು.

"ಅಯ್ಯೋ, ಬೇಡ! ಅದನ್ನ ಬಚ್ಚಲಿಗೆ ಹಾಕಿ. ನಿಮ್ಮ ಕೈಗೆ ಏನು ಸಿಕ್ಕಿದ್ರೂ ಬೆರೆಸಿಬಿಡ್ತೀರಲ್ಲ ದೊಡ್ಡಮ್ಮ."

ಮೊದಲ ಸಲ ಎಲ್ಲರೂ ಒಟ್ಟಿಗೆ ನಕ್ಕರು.

ನರ್ಸಮ್ಮ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದರು. ಆಮೇಲೆ ಹೀಗೆ ಹೇಳಿದರು. ಮಾತ್ರೆ ನಿಲ್ಲಿಸಬೇಡಿ. ನಿಂಬೆರಸ ಬೆರೆಸಿದ ನೀರಿನಲ್ಲಿ ನುಂಗಲಿ. ವಾಕರಿಕೆ ಬಂದರೆ ಸ್ವಲ್ಪ ಊಟ ಮಾಡಿ ನುಂಗಲಿ. ಟೀ, ಕಾಫಿಯಲ್ಲೂ ಇದೇ ಒಗರು ಇದೆ, ಮಾತ್ರೆಗೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ಸೊಪ್ಪು, ಬೇಳೆಕಾಳು ತಿನ್ನಲಿ. ಆಪರೇಷನ್ ಮುಗಿಯುವವರೆಗೆ ಸಿಪ್ಪೆ ಕಷಾಯವಾಗಲಿ, ಅಂಗಡಿಯ ಯಾವುದೇ ಪುಡಿ, ಕ್ಯಾಪ್ಸೂಲ್ ಆಗಲಿ ಬೇಡ. ಕೆಲವು ಮೂಲಿಕೆಗಳು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಕೆಲವು ಅರಿವಳಿಕೆಯ ಔಷಧಿಯ ಜೊತೆ ಹೊಂದುವುದಿಲ್ಲ. ಕಾರಣ ಕಷಾಯವೊಂದೇ ಎಂದು ಈಗಲೇ ಹೇಳಲಾರೆ, ಮತ್ತೆ ಪರೀಕ್ಷೆ ಮಾಡೋಣ.

"ನನಗೆ ಕುಡಿಯೋಕೆ ಅಡ್ಡಿ ಇಲ್ವಾ ಅಂತ ಕೇಳಿ," ಎಂದು ಅತ್ತೆ ಪಿಸುಗುಟ್ಟಿದರು.

"ನೀವು ಬಿಪಿ ಮಾತ್ರೆ ತಗೋತೀರಲ್ಲ, ಆ ಚೀಟೀನೂ ಕಷಾಯದ ಪುಡೀನೂ ತಗೊಂಡು ಬರಬೇಕಂತೆ," ಎಂದರು ನರ್ಸಮ್ಮ ಫೋನಿನಲ್ಲಿ ಕೇಳಿ.

"ನನ್ನನ್ನೂ ಹಿಡಿದುಹಾಕಿದ್ರು," ಎಂದರು ಅತ್ತೆ.

ಅಂದಿನಿಂದ ಅಡುಗೆಮನೆಯಲ್ಲೂ ಹಿತ್ತಿಲಿನ ಆಜ್ಞೆಯೇ ನಡೆಯಿತು. ಸೊಸೆ ಮಾತ್ರೆ ನುಂಗಿದ ಮೇಲೆ ಟೀ ಪಾತ್ರೆಯ ಹತ್ತಿರ ಸುಳಿದರೆ ಸಾಕು, ಎಲ್ಲಿದ್ದರೂ ಅತ್ತೆಗೆ ಗೊತ್ತಾಗುತ್ತಿತ್ತು. "ಕಬ್ಬಿಣ ಒಳಗಿದೆ! ಒಗರು ಮುಟ್ಟಿಸಬೇಡ!" ಬೀದಿಯ ಕೊನೆಯ ಮನೆಯಲ್ಲಿ ಯಾರೋ ಟೀ ಲೋಟ ಕೆಳಗಿಟ್ಟರಂತೆ.

ಮುಂದಿನ ಪರೀಕ್ಷೆಯಲ್ಲಿ ರಕ್ತ ಸ್ವಲ್ಪ ಏರಿತ್ತು. ಅದರ ಮುಂದಿನದರಲ್ಲಿ ಇನ್ನೂ ಏರಿತ್ತು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಆ ದಿನ ಮುಂದಕ್ಕೆ ಹೋಗಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ನರ್ಸಮ್ಮ ಮನೆಗೆ ಬಂದರು. ಸೊಸೆಯನ್ನು ಬೆಳಕಿಗೆ ಕೂರಿಸಿ ಕಣ್ಣಿನ ಕೆಳರೆಪ್ಪೆ ಎಳೆದರು. ಆಮೇಲೆ ಪಕ್ಕಕ್ಕೆ ಸರಿದು, "ನೀವೇ ನೋಡಿ ದೊಡ್ಡಮ್ಮ," ಎಂದರು.

ಅತ್ತೆ ಕೈ ತೊಳೆದು ಬಂದು ಬಗ್ಗಿದರು. ಬಹಳ ಹೊತ್ತು ನೋಡಿದರು. ಎಷ್ಟೋ ಬೇರುಗಳನ್ನು ಕುದಿಸಿ, ಎಷ್ಟೋ ಕೆಂಪುಗಳನ್ನು ತೆಗೆದವರು ಅವರು. ಇದು ಯಾರೂ ಕುದಿಸದ ಕೆಂಪು. ಸೊಪ್ಪಿನಿಂದ, ಕಾಳಿನಿಂದ, ಒಂದು ಹನಿ ನಿಂಬೆಯಿಂದ, ಚಿಟಿಕೆ ಕಬ್ಬಿಣದಿಂದ ಈ ಹುಡುಗಿಯ ಮೈ ತಾನೇ ಮಾಡಿಕೊಂಡ ಕೆಂಪು.

"ಹೇಗಿದೆ ಅತ್ತೆ?" ಸೊಸೆ ಕದಲದೆ ಕೇಳಿದಳು.

"ಬಣ್ಣ ಹಿಡಿದಿದೆ," ಎಂದರು ಅತ್ತೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಡುಗೆಮನೆಯ ಕಪಾಟಿನಲ್ಲೂ ಒಂದು ಡಬ್ಬಿ ಇರಬಹುದು. ಬೇರಿನ ಪುಡಿ, ಸೊಪ್ಪಿನ ಕಷಾಯ, ಅಂಗಡಿಯಿಂದ ತಂದ ಗಿಡಮೂಲಿಕೆಯ ಕ್ಯಾಪ್ಸೂಲ್. ಅದರಿಂದ ನಿಮಗೆ ಒಳ್ಳೆಯದೂ ಆಗಿರಬಹುದು. ಅದನ್ನು ಚೆಲ್ಲಿ ಎಂದು ನಾವು ಹೇಳುವುದಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಗರ್ಭಿಣಿಯಾಗಿದ್ದರೆ, ಆಪರೇಷನ್ ಇದ್ದರೆ, ರಕ್ತಕ್ಕೋ ಸಕ್ಕರೆಗೋ ಬಿಪಿಗೋ ದಿನವೂ ಮಾತ್ರೆ ನುಂಗುತ್ತಿದ್ದರೆ ಖಂಡಿತ ಮರೆಯಬೇಡಿ. ಕೇಳದೆ ಮಾತ್ರೆಯನ್ನೂ ನಿಲ್ಲಿಸಬೇಡಿ. "ಬೇರೆ ಏನಾದರೂ ತಗೋತೀರಾ?" ಎಂದು ಡಾಕ್ಟರು ಕೇಳಿದಾಗ "ಇಲ್ಲ" ಎನ್ನುವ ಮೊದಲು ಒಂದು ಕ್ಷಣ ಆ ಡಬ್ಬಿಯನ್ನು ನೆನಪು ಮಾಡಿಕೊಳ್ಳಿ. ತೆಗೆದು ಮೇಜಿನ ಮೇಲಿಡಿ.

ಎಲೆಗೆ, ಬೇರಿಗೆ, ಸಿಪ್ಪೆಗೆ ಶಕ್ತಿ ಇದೆ ಎಂದು ನಂಬುತ್ತೀರಲ್ಲವೇ? ಹಾಗಿದ್ದರೆ ಅದರ ಬಗ್ಗೆ ಬಾಯಿ ಬಿಟ್ಟು ಹೇಳಿ.