ಸರಕಾರ ಕೇಳಿದ ಒಡಪು

"ಓಟು ಮುಗಿಯೂತನಕ ಉಡಕಿ ಗಿಡಕಿ ಏನೂ ಬ್ಯಾಡ. ಮುಗದ ಮ್ಯಾಲ ನೋಡೂಣು," ಎಂದು ಉದ್ದಪ್ಪಗೌಡರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು.

ಕಟ್ಟೆಯ ಕೆಳಗೆ ನಿಂತಿದ್ದ ಕಲ್ಲಪ್ಪ ಒಮ್ಮೆ ಗೌಡರ ಮುಖ ನೋಡಿದ, ಒಮ್ಮೆ ಅಂಗಳದ ಆ ತುದಿಗೆ ನೋಡಿದ. ಅಲ್ಲಿ ಗಂಡ ಸತ್ತ ಅವನ ತಂಗಿ ಶೆಟ್ಟೆವ್ವ ಕಸ ಗುಡಿಸುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ, ಆದರೆ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿತ್ತು.

"ಓಟಿನ ಮರುದಿನಾನ ಮಾಲಿಂಗಪ್ಪನ ಕುರಿ ಮೂಡಲಗಿ ಕಡೆ ಇಳೀತಾವ್ರಿ, ಗೌಡ್ರ. ಅಂವ ತಿರುಗಿ ಬರೂದು ಮಳಿಗಾಲಕ್ಕ," ಎಂದ ಕಲ್ಲಪ್ಪ.

"ಬರಲಿ. ಮಳಿಗಾಲದಾಗ ಉಡಿಸ್ರಿ ಸೀರಿ. ಯಾರ ಬ್ಯಾಡ ಅಂತಾರ?"

"ಅಲ್ಲಿ ಅವನ ಸೋದರತ್ತಿ ಮಗಳನ್ನ ಇಟಗೊಂಡು ಕುಂತಾಳ್ರಿ. ಇಂವ ಒಬ್ಬನ ಬಂದದ್ದು ನೋಡಿದ್ರ ಕೊರಳಿಗೆ ಕಟ್ಟೇ ಕಳಸ್ತಾಳ."

ಗೌಡರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಸಿಟ್ಟು ಮಾಡುವ ಸ್ವಭಾವ ಅವರದಲ್ಲ. ಮೆಲ್ಲಗೆ ಅಗಿಯುತ್ತ, ಮೆಲ್ಲಗೇ ಕೇಳಿದರು. "ಕಲ್ಲಪ್ಪಾ, ಹಳ್ಳದ ದಂಡಿ ಹೊಲಾ ಮುಂದಿನ ವರ್ಷಾನೂ ನೀನ ಮಾಡಾಂವಲ್ಲ?"

ಕಲ್ಲಪ್ಪ ಕೈ ಮುಗಿದು ಹೊರಟ. ಗೌಡರ ಆ ಹೊಲದ ಪಾಲಿನಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು.

ಹುಕ್ಕೇರಿಯಿಂದ ಎರಡು ಹರದಾರಿ ದೂರದ ಆ ಊರಿಗೆ ಉಡಕಿ ಹೊಸದಲ್ಲ. ಗಂಡ ಸತ್ತ ಹೆಣ್ಣುಮಗಳಿಗೆ ಮತ್ತೊಬ್ಬ ಸೀರೆ ಉಡಿಸಿ ಕರೆದುಕೊಂಡು ಹೋಗುವುದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ರೂಢಿ. ವಾಲಗ ಬೇಡ, ಹಂದರ ಬೇಡ. ಊರ ಹಿರಿಯರು ಕೂತು, ಗೌಡ 'ಹೂಂ' ಅಂದರೆ ಆಯಿತು. ಈಗ ಆ ಹೂಂ ಗೌಡರ ಗಂಟಲಲ್ಲಿ ಸಿಕ್ಕಿಕೊಂಡದ್ದಕ್ಕೆ ಕಾರಣ ಗೋಕಾಕದ ಕಡೆಯ ಇನಾಮದಾರರು. ದೇಶದ ಮೊದಲನೇ ಚುನಾವಣೆಗೆ ಅವರು ಏಣಿ ಗುರುತಿನ ಮೇಲೆ ನಿಂತಿದ್ದರು, ಊರಲ್ಲಿ ಉದ್ದಪ್ಪಗೌಡರೇ ಅವರ ಬಲಗೈ.

ಇನಾಮದಾರರು ಘಟಪ್ರಭಾದಿಂದ ಜೀಪಿನಲ್ಲಿ ಬಂದು, ಇದೇ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದ್ದರು. ಧರ್ಮ ಗಂಡಾಂತರದಲ್ಲಿದೆ ಎಂದಿದ್ದರು. ದಿಲ್ಲಿಯವರು ಹೊಸ ಕಾಯ್ದೆ ತರುತ್ತಿದ್ದಾರೆ, ಅದು ಬಂದರೆ ವಿಧವೆಯರು ಮತ್ತೆ ಮದುವೆಯಾಗುತ್ತಾರೆ, ಗಂಡ ಹೆಂಡಿರು ಸೋಡಚೀಟಿ ಕೊಟ್ಟು ಬೇರೆಯಾಗುತ್ತಾರೆ, ಸಂಸಾರವೆಂಬುದೇ ಉಳಿಯುವುದಿಲ್ಲ ಎಂದು ಕಣ್ಣಿಗೆ ಪಂಚೆಯ ತುದಿ ಒತ್ತಿಕೊಂಡಿದ್ದರು. ಜನ ಬಾಯಿ ತೆರೆದು ಕೇಳಿದರು. ಕೊನೆಗೆ ಕೆಂಚಪ್ಪನೆಂಬ ಮುದುಕ ಬಾಜೂದವನನ್ನು ಕೇಳಿದ, "ಇದನ್ನೆಲ್ಲಾ ನಾವು ಮೊದಲಿಂದ ಮಾಡಕೋತ ಬಂದೇವಲ್ಲೋ. ದಿಲ್ಲಿಯವ್ರಿಗೆ ಈಗ ಗೊತ್ತಾತೇನು?"

ಗೌಡರು ಕಣ್ಣು ಕೆಕ್ಕರಿಸಿದ್ದರಿಂದ ನಗು ಅಲ್ಲಿಗೇ ನಿಂತಿತ್ತು. ಅದಾದ ವಾರದಲ್ಲೇ, ತಮ್ಮ ಬಲಗೈಯಂಥವನ ಊರಿನಲ್ಲಿ, ಅವನದೇ ಮನೆಯ ಕೆಲಸದವಳ ಉಡಕಿಯಾಯಿತೆಂದು ಇನಾಮದಾರರ ಕಿವಿಗೆ ಬಿದ್ದರೆ ಹೇಗೆ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುವುದು ದೊಡ್ಡವರಿಗೆ ಒಪ್ಪುತ್ತದೆ. ಬದನೆಕಾಯಿಯನ್ನು ಕಟ್ಟೆಯ ಮೇಲಿಟ್ಟು ತೋರಿಸಬಾರದು, ಅಷ್ಟೇ.

ಆ ಸಂಜೆ ಶೆಟ್ಟೆವ್ವ ನೀರಿಗೆ ಹೋದಾಗ ಮಾಲಿಂಗಪ್ಪ ಹಳ್ಳದಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಅವನು ಮಾತಿನ ಮನುಷ್ಯನಲ್ಲ. ಹೋದ ವರ್ಷ ಅವಳಿಗೆ ಜ್ವರ ಬಂದಾಗ ಆಡಿನ ಹಾಲು ತಂದು ಹೊಸ್ತಿಲ ಮೇಲಿಟ್ಟು, ಒಮ್ಮೆ ಕೆಮ್ಮಿ, ಹಾಗೇ ಹೊರಟುಹೋಗುತ್ತಿದ್ದ. ಜ್ವರ ಬಿಟ್ಟ ಮೇಲೂ ಹಾಲು ಬರುವುದು ನಿಲ್ಲಲಿಲ್ಲ. ಆ ಕೆಮ್ಮನ್ನು ಕಾಯುತ್ತ ಕೂಡುವ ಚಟ ಅವಳಿಗೆ ಹತ್ತಿತ್ತು.

"ಗೌಡ್ರು ಏನಂದ್ರು?" ಎಂದ.

"ಮಳಿಗಾಲಕ್ಕ ನೋಡೂಣು ಅಂದ್ರು."

ಹಳ್ಳಕ್ಕಿಳಿದ ಮರಿಯೊಂದನ್ನು ಅವನು ಎತ್ತಿ ದಂಡೆಗೆ ಬಿಟ್ಟ. "ನಾ ಮಳಿಗಾಲತನಕ ಕಾಯತೇನಿ. ಆದ್ರ ನಮ್ಮತ್ತಿ ಕಾಯಗೊಡೂದಿಲ್ಲ. ಅಕಿ ನಮ್ಮಪ್ಪನ ಆಣಿ ಹಾಕಿದ್ರ ನನಗ ಇಲ್ಲ ಅನ್ನಾಕ ಆಗೂದಿಲ್ಲ."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅವನಿಗೆ ಅದು ಬರುತ್ತಿರಲಿಲ್ಲ. ಅದಕ್ಕೇ ಅವನು ಬೇಕು ಎಂದು ಶೆಟ್ಟೆವ್ವನಿಗೆ ಅನಿಸಿತು. ತುಂಬಿದ ಕೊಡ ಚೆಲ್ಲಿ, ಮತ್ತೆ ತುಂಬತೊಡಗಿದಳು.

ಓಟಿನ ದಿನ ಬೆಳಿಗ್ಗೆ ಗೌಡರ ಚಕ್ಕಡಿ ಸಾಲೆಯ ಮುಂದೆ ನಿಂತಿತು. ಅದರಲ್ಲಿ ಬಂದವಳು ಗೌಡರ ತಾಯಿ ಸುಂದ್ರವ್ವ. ಕಣ್ಣು ಮಂಜಾದ ಮುದುಕಿಗೆ ತಲೆ ಬಾಚಿ, ಕಾಲಿಗೆ ಎಣ್ಣೆ ಹಚ್ಚಿ ನೋಡಿಕೊಳ್ಳುತ್ತಿದ್ದವಳು ಶೆಟ್ಟೆವ್ವನೇ. ಇಳಿಸಿ, ಕೈ ಹಿಡಿದು, ಹೆಂಗಸರ ಸಾಲಿನಲ್ಲಿ ತನ್ನ ಮುಂದೆ ನಿಲ್ಲಿಸಿಕೊಂಡಳು.

ಸಾಲು ಮುಂದೆ ಸರಿಯುತ್ತಲೇ ಇರಲಿಲ್ಲ. ಒಳಗೆ ಕೂತ ಸರಕಾರದ ಅಧಿಕಾರಿ ಗೋಕಾಕದ ಕಡೆಯ ಒಬ್ಬ ಮಾಸ್ತರ. ಪಾಪ, ಅವರು ಪ್ರತಿಯೊಬ್ಬಳಿಗೂ ಗಂಡನ ಹೆಸರು ಕೇಳುತ್ತಿದ್ದರು. ಗರತಿಯಾದವಳು ಗಂಡನ ಹೆಸರು ಬಾಯಲ್ಲಿ ಹೇಗೆ ತಂದಾಳು? ಹೇಳಲೇಬೇಕೆಂದರೆ ಅದಕ್ಕೊಂದು ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಮೆಲ್ಲಗೆ ಸೇರಿಸಿ ಹೇಳಬೇಕು. ಅದೂ ಮದುವೆಯಲ್ಲೋ ಸೀಮಂತದಲ್ಲೋ ಹೊರತು ಪೋಲೀಸನ ಎದುರಿಗಲ್ಲ.

"ಗಂಡನ ಹೆಸರ ಏನ್ರೀ ತಾಯಿ?"

"ಗುಡ್ಡಾ ಎತ್ತಿಕೊಂಡು ಹಾರಿದಾಂವ್ರಿ," ಎಂದಳು ಕರೆವ್ವನೆಂಬವಳು, ನಾಚಿಕೊಂಡು.

"ಯಾರು?"

"ಹನಮಂತ ರೀ!" ಎಂದು ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಬೇರೆಯವರ ಗಂಡನ ಹೆಸರು ಹೇಳಲು ಯಾರಿಗೂ ಅಡ್ಡಿಯಿರಲಿಲ್ಲ.

ಮಾಸ್ತರರು ಬೆವರು ಒರೆಸಿಕೊಂಡರು. ಅವರ ಬಾಜೂಕ್ಕೆ ಬೆಂಚಿನ ಮೇಲೆ ಏಣಿಯವರ ಏಜೆಂಟರಾಗಿ ಉದ್ದಪ್ಪಗೌಡರು ಕೂತಿದ್ದರು. ಎದುರು ಪಾರ್ಟಿಯ ಏಜೆಂಟ ಹುಕ್ಕೇರಿಯಿಂದ ಬಂದ ಚುರುಕು ಹುಡುಗ. ಯಾವ ಹೆಸರು ತಪ್ಪುತ್ತದೋ ಎಂದು ಕಾಯುತ್ತಿದ್ದ.

ಸುಂದ್ರವ್ವನ ಸರತಿ ಬಂದಾಗ ಗೌಡರು ಎದ್ದರು. "ನಮ್ಮವ್ವ ರೀ ಮಾಸ್ತರ. ಹೆಸರು ನಾ ಹೇಳತೇನಿ, ಬರಕೋರಿ."

"ಏಜೆಂಟರು ಹೇಳಂಗಿಲ್ರಿ, ಅವರ ಬಾಯಿಲೇ ಬರಬೇಕು," ಎಂದರು ಮಾಸ್ತರರು.

ಮುದುಕಿ ಶೆಟ್ಟೆವ್ವನ ಕಡೆ ತಿರುಗಿದಳು. "ಯಾರು ಕೇಳಾಕತ್ತಾರ?"

"ಸರಕಾರ ಕೇಳಾಕತ್ತೈತ್ರಿ, ಆಯಿ."

"ಹೌದೇನು? ಗೌಡ್ರು ಹೋದ ಮ್ಯಾಲ ನನಗ ಯಾರೂ ಕೇಳೇ ಇಲ್ಲ ನೋಡು." ಮುದುಕಿ ಸೆರಗು ಸರಿಮಾಡಿಕೊಂಡಳು. ಸುಕ್ಕುಗಟ್ಟಿದ ಮುಖ ಸಣ್ಣ ಹುಡುಗಿಯದಾಯಿತು. ರಾಗ ತೆಗೆದಳು.

"ಅಂಗಳದಾಗ ಅವರಿ ಹಂದರ, ಹಿತ್ತಲದಾಗ ಹೀರಿ ಹಂದರ,
ಕೆಂಚನಗೌಡ್ರು ಸೀರಿ ಉಡಿಸ್ಯಾರ, ಬಾಳೇ ಆತು ಸುಂದರ."

ಹೆಂಗಸರು ಹೋ ಎಂದು ನಕ್ಕರು. ನಕ್ಕ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ತಟ್ಟನೆ ಸುಮ್ಮನಾದರು. ಸುಂದ್ರವ್ವ ಆ ಮನೆಗೆ ಉಡಕಿಯಾಗಿ ಬಂದವಳೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಉದ್ದಪ್ಪಗೌಡರು ದೊಡ್ಡವರಾದ ಮೇಲೆ ಅದನ್ನು ಅವರ ಎದುರಿಗೆ ಯಾರೂ ಆಡುತ್ತಿರಲಿಲ್ಲ. ಗೌಡರು ಕಿಟಕಿಯಾಚೆ ನೋಡತೊಡಗಿದರು. ನೋಡುವಂಥದು ಅಲ್ಲೇನೂ ಇರಲಿಲ್ಲ.

"ಮುಂದಿನವರು. ಶೆಟ್ಟೆವ್ವ. ಗಂಡನ ಹೆಸರು?"

ಸುಮ್ಮನೆ ನಿಂತಿದ್ದರೆ ಸಾಕಿತ್ತು. ಹಿಂದಿನಿಂದ ಯಾರೋ ಸತ್ಯಪ್ಪ ಎನ್ನುತ್ತಿದ್ದರು, ಮಾಸ್ತರರು ಗೀಟು ಹಾಕುತ್ತಿದ್ದರು. ಸತ್ಯಪ್ಪ ಒಳ್ಳೆಯವನೇ. ಕಾಲರಾದಲ್ಲಿ ಹೋದ. ಅವನ ಮುಖ ಈಗ ಅವಳಿಗೆ ಸರಿಯಾಗಿ ನೆನಪಾಗುತ್ತಿರಲಿಲ್ಲ, ಅದಕ್ಕಾಗಿ ಅವನ ಮೇಲೆ ಕರುಣೆಯೂ ಬರುತ್ತಿತ್ತು. ಗಂಡ ಸತ್ತವಳು ಒಡಪು ಹೇಳಬಾರದು. ಆದರೆ ಈಗ ತಾನೇ ಒಬ್ಬಳು ಹೇಳಿದಳಲ್ಲ, ಹೇಳಿ ಇನ್ನೂ ನಗುತ್ತ ನಿಂತಿದ್ದಳಲ್ಲ. ನಾಳೆ ಕುರಿ ಇಳಿಯುತ್ತವೆ. ಮಳೆಗಾಲಕ್ಕೆ ಅವುಗಳ ಹಿಂದೆ ಬೇರೊಬ್ಬಳು ಬರುತ್ತಾಳೆ.

ಶೆಟ್ಟೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳೂ ರಾಗ ತೆಗೆದಳು.

"ಹೆಗಲ ಮ್ಯಾಲ ಕರಿ ಕಂಬಳಿ, ಬಿಳಿ ಮರಿ ಕಂಕಳಾಗ,
ಮಾಲಿಂಗಪ್ಪನ ಹೆಸರು ಹೇಳತೇನಿ ಹತ್ತು ಮಂದ್ಯಾಗ."

ಮಾಸ್ತರರು ಹೆಸರಿನ ಪಟ್ಟಿಯ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದರು. "ಇಲ್ಲಿ ಸತ್ಯಪ್ಪ ಅಂತ ಐತಲ್ರೀ?"

"ಅಂವ ಮೊದಲಿದ್ದಾಂವ್ರಿ. ಈಗ ಇಂವ."

ಹುಕ್ಕೇರಿಯ ಹುಡುಗ ಜಿಗಿದೆದ್ದ. "ಹೆಸರು ಕೂಡಲಿಲ್ರಿ ಮಾಸ್ತರ! ಈ ಓಟು ನಡಿಯೂದಿಲ್ಲ. ಇಕಿ ಬ್ಯಾರೆ ಹೆಂಗಸು!"

"ಗೌಡ್ರ, ಈಕಿ ನಿಮಗ ಗುರುತೈತೇನ್ರಿ?" ಎಂದು ಮಾಸ್ತರರು ತಿರುಗಿದರು. "ಈಕಿ ಹೇಳಿದ್ದು ಖರೆ ಏನು?"

ಗೌಡರಿಗೆ ಅತ್ತ ದರಿ, ಇತ್ತ ಪುಲಿ. ಖರೆ ಅಂದರೆ ಇನಾಮದಾರರ ಧರ್ಮ ಹೋಗುತ್ತದೆ, ಸುಳ್ಳು ಅಂದರೆ ಇನಾಮದಾರರ ಓಟು ಹೋಗುತ್ತದೆ. ಅವರು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು, ಗಂಟಲು ಸರಿಮಾಡಿಕೊಂಡರು. ಬಾಗಿಲಲ್ಲಿ ಹೆಂಗಸರ ತಲೆಗಳು ಒಂದರ ಮೇಲೊಂದು ಬಗ್ಗಿದ್ದವು.

"ಉದ್ದಪ್ಪಾ," ಎಂದಳು ಸುಂದ್ರವ್ವ. ಮಂಜುಗಣ್ಣಿನಿಂದ ಮಗ ಎಲ್ಲಿದ್ದಾನೆಂದು ಹುಡುಕುತ್ತಿದ್ದಳು. "ನಾ ಹೇಳಿದ್ದು ಖರೆ ಇದ್ರ ಇಕಿ ಹೇಳಿದ್ದೂ ಖರೇನ ಅಲ್ಲೇನಪಾ? ಒಂದು ಖರೆ, ಒಂದು ಸುಳ್ಳ ಹೆಂಗಾದೀತು?"

ಗದರಿಸುವ ದನಿಯಲ್ಲ ಅದು. ಮುದುಕಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಒಡಪು ಹೇಳಿದಾಗ ಬಂದ ಕಳೆ ಅವಳ ಮುಖದ ಮೇಲೆ ಇನ್ನೂ ಉಳಿದಿತ್ತು, ಮಗ ಏನು ಹೇಳುತ್ತಾನೋ ಎಂದು ಅದು ಹೋಗಲೋ ಇರಲೋ ಅನ್ನುವಂತಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವನ ಮುಖ ಹೀಗೆ ಕಂಡದ್ದು ಗೌಡರಿಗೆ ನೆನಪಿರಲಿಲ್ಲ. ತಾನು ಹುಟ್ಟಿದ್ದೇ ಆ ಸೀರೆಯಿಂದ. ಅದನ್ನು ಈಗ ಸುಳ್ಳು ಅನ್ನುವುದು ಹೇಗೆ?

"ಹೂಂ," ಎಂದರು ಗೌಡರು.

"ಹೂಂ ಅಂದ್ರ?"

"ಹೌದ್ರಿ! ಇಕಿ ಶೆಟ್ಟೆವ್ವ. ನಮ್ಮ ಮನಿ ಹೆಣ್ಣಮಗಳು. ಮೊದಲಿನಾಂವ ಸತ್ಯಪ್ಪ, ಈಗಿನಾಂವ ಮಾಲಿಂಗಪ್ಪ. ಕೊಡ್ರಿ ಚೀಟಿ."

"ಗೌಡ್ರು ಹೂಂ ಅಂದ್ರು!" ಎಂದು ಬಾಗಿಲಲ್ಲಿದ್ದ ಕರೆವ್ವ ಹಿಂದಿನವಳಿಗೆ ಹೇಳಿದಳು. ಹಿಂದಿನವಳು ಅವಳ ಹಿಂದಿನವಳಿಗೆ ಹೇಳಿದಳು. ಮಾತು ಸಾಲಿನುದ್ದಕ್ಕೂ ಓಡಿ, ಹುಣಸೆಮರದ ಕೆಳಗಿನ ಗಂಡಸರ ಸಾಲಿಗೂ ಮುಟ್ಟಿತು. ಅಲ್ಲಿದ್ದ ಕಲ್ಲಪ್ಪ ಕೇಳಿ ನೆಲಕ್ಕೆ ಕೂತುಬಿಟ್ಟ. ಇಷ್ಟು ಮಂದಿಯ ಎದುರಿಗೆ ನಮ್ಮ ಮನೆಯ ಹೆಣ್ಣುಮಗಳು ಎಂದ ಬಾಯಿಂದ, ಅವಳ ಅಣ್ಣನಿಗೆ ಹೊಲ ಬಿಡು ಎನ್ನಲು ಯಾವ ಗೌಡನಿಗೂ ಬಾರದು.

ಮಾಸ್ತರರು ಶೆಟ್ಟೆವ್ವನ ಬೆರಳಿಗೆ ಮಸಿ ಹಚ್ಚಿದರು. ಅವಳು ಪರದೆಯ ಹಿಂದೆ ಹೋದಳು. ಆಗ ಗುರುತಿಗೊಂದು ಪೆಟ್ಟಿಗೆ; ಏಣಿಯ ಪೆಟ್ಟಿಗೆಯೂ ಇತ್ತು, ಬೇರೆ ಪೆಟ್ಟಿಗೆಗಳೂ ಇದ್ದವು. ಚೀಟಿಯನ್ನು ಯಾವುದಕ್ಕೆ ಹಾಕಿದಳೆಂಬುದು ಅವಳಿಗೆ ಬಿಟ್ಟದ್ದು. ಕತೆ ಹೇಳುವವರೂ ಅದನ್ನು ಕೇಳಬಾರದು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಸುಂದ್ರವ್ವನನ್ನು ಚಕ್ಕಡಿಗೆ ಹತ್ತಿಸುವಷ್ಟರಲ್ಲಿ ಸಾಲೆಯ ಬಾಗಿಲ ಕಡೆ ಗದ್ದಲವೆದ್ದಿತು. ಓಟು ಹಾಕಿ ಬಂದ ಹೆಂಗಸರು ಓಟಿಗೆ ಬಂದ ಮಾಲಿಂಗಪ್ಪನನ್ನು ಸುತ್ತುಗಟ್ಟಿದ್ದರು. ಹೊಸದಾಗಿ ಕೂಡಿದ ಗಂಡು ಹೆಣ್ಣನ್ನು ಹೊಸ್ತಿಲಲ್ಲಿ ತಡೆದು ಹೆಸರು ಹೇಳಿಸುವ ಹಕ್ಕು ಹೆಂಗಸರದು. ಇವನಿಗೆ ಸಾಲೆಯ ಮೆಟ್ಟಿಲೇ ಹೊಸ್ತಿಲಾಯಿತು.

"ಅಕಿ ಹೇಳ್ಯಾಳ. ನೀನೂ ಹೇಳು. ಇಲ್ಲಾಂದ್ರ ಒಳಗ ಬಿಡೂದಿಲ್ಲ!" ಎಂದಳು ಕರೆವ್ವ.

ಲಾಠಿ ಹಿಡಿದು ಬಂದ ಪೋಲೀಸ ವಿಷಯ ಕೇಳಿ, ಮೀಸೆಯಲ್ಲೇ ನಕ್ಕು ಸರಿದು ನಿಂತ. ಮಾಲಿಂಗಪ್ಪ ಒಂದು ಕೈಯಿಂದ ಇನ್ನೊಂದು ಕೈಯ ಬೆರಳು ಹಿಸುಕಿಕೊಂಡ. ಮರದ ಕಡೆ ನೋಡಿದ, ಆಕಾಶದ ಕಡೆ ನೋಡಿದ. "ಹುಕ್ಕೇರಿ ಸಂತ್ಯಾಗ..." ಎಂದು ಶುರು ಮಾಡಿದ. ಸಂತೆಯಲ್ಲಿ ಏನಿತ್ತೋ ಹೊಳೆಯಲಿಲ್ಲ. ಮತ್ತೆ, "ಹುಕ್ಕೇರಿ ಸಂತ್ಯಾಗ..." ಎಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವನ ಕಿವಿ ಕೆಂಪಾದವು.

"ಶೆಟ್ಟೆವ್ವ," ಎಂದ ಕೊನೆಗೆ. ಅಷ್ಟೇ.

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

"ಇದೇನ ಒಡಪಾತೇನೋ? ಪ್ರಾಸ ಎಲ್ಲೈತಿ? ಇನ್ನೊಮ್ಮೆ ಹೇಳು!" ಎಂದು ಹೆಂಗಸರು ಬೊಬ್ಬೆ ಹೊಡೆದರು. ಅವನು ಇನ್ನೊಮ್ಮೆಯೂ ಅಷ್ಟನ್ನೇ ಹೇಳಿದ. ಆಗಲಿಲ್ಲ, ಆಗಲಿಲ್ಲ ಎಂದು ಅವರು ಮತ್ತೆ ಕಾಡಿದರು. ಶೆಟ್ಟೆವ್ವ ಚಕ್ಕಡಿಯ ಗಾಲಿ ಹಿಡಿದುಕೊಂಡು, ಮುಖ ಆ ಕಡೆ ಮಾಡಿ, ಮೂರನೆಯ ಸಲಕ್ಕಾಗಿ ಕಾಯುತ್ತ ನಿಂತಿದ್ದಳು.