ತಂಗಿಯ ಕಾರಿಗೆ ಬಳಿದ ಕಪ್ಪು

ಬಡಾವಣೆಯ ದೊಡ್ಡ ರಸ್ತೆಯಲ್ಲಿ ಚಾಲಕರಿಲ್ಲದ ಸಾಮಾನಿನ ಗಾಡಿಗಳು ಓಡಾಡಲು ಶುರುವಾದ ಮೇಲೆ ಜನರಿಗೆ ಹೊಸ ತಲೆನೋವು. ಬಿಳಿ ಕಾರು ಎದುರಾದರೆ ದೂರದಲ್ಲೇ ನಿಧಾನವಾಗುವ ಗಾಡಿ, ಕಪ್ಪು ಕಾರಾದರೆ ತೀರ ಹತ್ತಿರ ಬಂದು ಗಕ್ಕನೆ ನಿಲ್ಲುತ್ತಿತ್ತು. ಆದರೂ ಕಪ್ಪಿನ ಮೋಹ ಯಾರನ್ನೂ ಬಿಟ್ಟಿರಲಿಲ್ಲ.

ಆ ಮೋಹದಿಂದಲೇ ಕನ್ನಡಿ ಮೇಸ್ತ್ರಿಯ ಗ್ಯಾರೇಜು ನಡೆಯುತ್ತಿತ್ತು. ಅವನು ಬಣ್ಣ ಹೊಡೆದ ಕಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಜನ ಹೇಳುತ್ತಿದ್ದರು. ಹೆಸರು ಬಂದದ್ದೂ ಹಾಗೆಯೇ.

ಒಂದು ದಿನ ಅವನ ತಂಗಿ ತನ್ನ ಹಳೆಯ ಕಾರು ತಂದು ನಿಲ್ಲಿಸಿದಳು. ಜೊತೆಗೆ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿಯೂ ಇದ್ದಳು.

"ಅಣ್ಣಾ, ನಂಗೆ ಕಪ್ಪೇ ಬೇಕು. ಆದ್ರೆ ಆ ಗಾಡಿಗಳಿಗೆ ಕಾಣೋ ಕಪ್ಪು ಹೊಡಿ," ಎಂದಳು ತಂಗಿ.

ಮೇಸ್ತ್ರಿ ನಕ್ಕ. "ಕಪ್ಪಲ್ಲೂ ಕಾಣೋದು, ಕಾಣದ್ದು ಅಂತ ಇದ್ಯೇನೇ?"

"ಇದೆ ಅಣ್ಣ," ಎಂದಳು ಗೆಳತಿ. "ಆ ಗಾಡಿ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಬಿಡುತ್ತೆ. ಅದು ಎದುರಿಗಿರೋದಕ್ಕೆ ತಾಗಿ ವಾಪಸ್ ಬಂದ್ರೆ ಅಲ್ಲೇನೋ ಇದೆ ಅಂತ ಗಾಡಿಗೆ ಗೊತ್ತಾಗುತ್ತೆ. ಮಾಮೂಲಿ ಕಪ್ಪಲ್ಲಿರೋ ಮಸಿ ಆ ಬೆಳಕನ್ನ ನುಂಗಿಬಿಡುತ್ತೆ. ನಾನು ತಂದಿರೋ ಈ ಹೊಸ ಕಪ್ಪಲ್ಲಿ ಮಸಿ ಇಲ್ಲ. ಬೆಳಕು ಅದನ್ನ ದಾಟಿ, ಕೆಳಗಿನ ಬಿಳಿ ಪದರಕ್ಕೆ ಬಡಿದು ವಾಪಸ್ ಹೋಗುತ್ತೆ."

"ಗಾಡಿಗೆ ಕ್ಯಾಮೆರಾ ಇಲ್ವಾ ಮತ್ತೆ?" ಎಂದ ಮೇಸ್ತ್ರಿ.

"ಇದೆ. ಮಬ್ಬಲ್ಲಿ ಅದೂ ತಡಕಾಡುತ್ತೆ. ಒಂದು ಕಣ್ಣು ಮಂಜಾದ್ರೆ ಇನ್ನೊಂದಾದ್ರೂ ಕಾಣ್ಬೇಡ್ವಾ?"

ಬಣ್ಣದ ಡಬ್ಬಿಗಳನ್ನು ಕೊಟ್ಟು ಅವರು ಹೋದರು. ಮೇಸ್ತ್ರಿ ಬಾನೆಟ್ಟಿಗೆ ಬಿಳಿ ಹೊಡೆದ, ಮೇಲೆ ಹೊಸ ಕಪ್ಪು ಹೊಡೆದ. ಒಣಗಿದ ಮೇಲೆ ನೋಡಿದರೆ ಅವನ ಕೈಯ ಆ ಮಿಂಚು ಇಲ್ಲ. 'ಸ್ವಂತ ತಂಗಿ ಕಾರೇ ಮಂಕಾದ್ರೆ ಜನ ಏನಂದಾರು?' ಎನಿಸಿತು. ಎಲ್ಲವನ್ನೂ ಉಜ್ಜಿ ತೆಗೆದು ಇಡೀ ಕಾರಿಗೆ ತನ್ನ ಹಳೆಯ ಕಪ್ಪನ್ನೇ ಬಳಿದ.

"ಹೊಸ ಬಣ್ಣಾನೇ ತಾನೆ?" ಎಂದು ತಂಗಿ ಕೇಳಿದಾಗ "ಹೂಂ, ಅದೇ" ಎಂದುಬಿಟ್ಟ.

ಮೋಡ ಕವಿದ ಒಂದು ಬೆಳಿಗ್ಗೆ ತಂಗಿ ಮೆಡಿಕಲ್ ಅಂಗಡಿಯ ಮುಂದಿನಿಂದ ಕಾರನ್ನು ರಸ್ತೆಗೆ ತಿರುಗಿಸುತ್ತಿದ್ದಳು. ಸಾಮಾನಿನ ಗಾಡಿ ಬ್ರೇಕ್ ಹಾಕಿತು, ಆದರೆ ತಡವಾಗಿ. ಬಲಗಡೆಯ ಎರಡೂ ಬಾಗಿಲು ನಜ್ಜುಗುಜ್ಜಾದವು. ಪುಣ್ಯಕ್ಕೆ ಜೀವ ಉಳಿಯಿತು, ಬಲಗೈ ಮುರಿಯಿತು.

ಮೇಸ್ತ್ರಿ ಆಸ್ಪತ್ರೆಗೆ ಓಡಿ ಬಂದಾಗ ಗೆಳತಿ ಮಂಚದ ಪಕ್ಕ ನಿಂತಿದ್ದಳು. "ಕಾರು ಪರೀಕ್ಷೆ ಮಾಡ್ಕೊಂಡು ಬಂದೆ," ಎಂದಳು ಮೆಲ್ಲಗೆ.

"ಬಣ್ಣದ ಮಾತು ಎತ್ತಬೇಡ," ಎಂದಳು ತಂಗಿ. "ಅದು ನಮ್ಮಣ್ಣ ಕೈಯಾರೆ ಹೊಡ್ದಿದ್ದು. ನಂಗೆ ಸುಳ್ಳು ಹೇಳೋನಲ್ಲ ಅವನು. ತಪ್ಪು ಆ ಗಾಡೀದೇ."

ಗೆಳತಿ ಮೇಸ್ತ್ರಿಯತ್ತ ತಿರುಗಿ ನೋಡಿದಳು. ತಂಗಿ ಬೈದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

"ಸುಳ್ಳು ಹೇಳ್ದೆ ಕಣೇ," ಎಂದ. "ಅದು ಹಳೇ ಕಪ್ಪೇ. ನನ್ನ ಹೆಸರಿಗೋಸ್ಕರ ಹೊಡ್ದೆ."

ತಂಗಿ ಅವನತ್ತ ತಿರುಗಿದಳು. "ನನ್ ಪಾಪು ದಿನಾ ಬಲಗಡೆ ಹಿಂದಿನ ಬಾಗಿಲ ಪಕ್ಕಾನೇ ಕೂರೋದು, ಅಣ್ಣ. ಜ್ವರ ಅಂತ ಇವತ್ತು ಮನೇಲಿ ಬಿಟ್ಟು ಔಷಧಿಗೆ ಬಂದಿದ್ದೆ."

ಕಾರು ರಿಪೇರಿಯಾದ ಮೇಲೆ ಅವನು ಹಳೆಯ ಬಣ್ಣವನ್ನೆಲ್ಲ ಕೆರೆದು, ಬಿಳಿ ಪದರದ ಮೇಲೆ ಹೊಸ ಕಪ್ಪು ಹೊಡೆದ. ತಂಗಿ ಬಂದಳು. ಆದರೆ ಅವನ ಮಾತನ್ನಷ್ಟೇ ನಂಬಿ ಕಾರು ಹತ್ತಲಿಲ್ಲ. ಗೆಳತಿ ಪರೀಕ್ಷೆಯ ಯಂತ್ರ ಹಿಡಿದು ಬಾಗಿಲು ಬಾಗಿಲನ್ನೂ ನೋಡಿ "ಸರಿಯಾಗಿದೆ" ಎಂದ ಮೇಲೆಯೇ ಮಗುವನ್ನು ಒಳಗೆ ಕೂರಿಸಿದಳು. ಮೇಸ್ತ್ರಿ ಅದನ್ನು ನೋಡುತ್ತಾ ನಿಂತಿದ್ದ. ಅದು ತನಗೆ ಸಲ್ಲಬೇಕಾದದ್ದೇ ಎಂದುಕೊಂಡ. ಕಪ್ಪು ಬೇಕೆಂದು ಬರುವ ಗಿರಾಕಿಗಳಿಗೆ ಈಗ ಅವನು ಮೊದಲು ಹೇಳುವುದು ಈ ಕಥೆಯನ್ನೇ.

ಕಾರಿಗೆ ಬಣ್ಣ ಹೊಡೆಸುವ ಅಕ್ಕ-ಅಣ್ಣಂದಿರೇ, ಕಪ್ಪು ಇಷ್ಟವಾದರೆ ಕಪ್ಪನ್ನೇ ಹೊಡೆಸಿ. ಆದರೆ ಚಾಲಕರಿಲ್ಲದ ಗಾಡಿಗೆ ಅದು ಕಾಣುತ್ತದೆಯೇ ಎಂದು ಕೇಳಿ, ಪರೀಕ್ಷೆ ಮಾಡಿಸಿ. ಹೊಡೆಸಿದ ಮೇಲೂ ರಸ್ತೆಯಲ್ಲಿ ಎಚ್ಚರ ತಪ್ಪಬೇಡಿ. ಬಣ್ಣ ಹೊಡೆಯುವವರೇ, ಬಾಯಲ್ಲಿ ಹೇಳಿದ ಬಣ್ಣವನ್ನೇ ಕೈಯಲ್ಲೂ ಹೊಡೆಯಿರಿ. ಆ ಕಾರಿನಲ್ಲಿ ಯಾರದೋ ಮಗು ಕೂತಿರುತ್ತದೆ.